ಚೇಲಿಯೋ, ಚಿಲ್ಸೋ? ಇಟಾಲಿಯನ್ ಸ್ನಾತಕೋತ್ತರ ಓದಿಗೆ ಮುನ್ನ

ಇಟಲಿಗೇ ಹೋಗಿ ಇಟಾಲಿಯನ್ ಭಾಷೆ, ಸಂಸ್ಕೃತಿಯಲ್ಲಿ ಎರಡು ವರ್ಷದ, 120 ಕ್ರೆಡಿಟ್‌ನ ಸ್ನಾತಕೋತ್ತರ ಪದವಿ ಮಾಡುವವರು ಸಾಮಾನ್ಯವಾಗಿ ಬಿ2 ಮಟ್ಟದ (ಎ1ರಿಂದ ಸಿ2ರವರೆಗಿನ ಯುರೋಪಿನ ಆರು ಭಾಷಾ ಹಂತಗಳಲ್ಲಿ ನಾಲ್ಕನೆಯದು) ಭಾಷೆ ತೋರಿಸಬೇಕು. ಅದಕ್ಕೆ ಹೆಚ್ಚು ಜನ ಬರೆಯುವುದು ಪೆರೂಜಾದ ವಿದೇಶೀಯರ ವಿಶ್ವವಿದ್ಯಾಲಯ ನಡೆಸುವ ಚೇಲಿ ಪರೀಕ್ಷೆ ಅಥವಾ ಸಿಯೆನಾದ ವಿದೇಶೀಯರ ವಿಶ್ವವಿದ್ಯಾಲಯದ ಚಿಲ್ಸ್ ಪರೀಕ್ಷೆ.

ಮೊದಲ ಎಡವಟ್ಟು ಅರ್ಜಿಯಲ್ಲೇ ಆಗುತ್ತದೆ. ಬಿ2 ಅಂದರೆ ಚಿಲ್ಸ್‌ನಲ್ಲಿ 'ದುವೆ', ಅಂದರೆ ಎರಡು, ಚೇಲಿಯಲ್ಲಿ 3. ಎರಡನೆಯದೇ ಸಾಕೆಂದು ಚೇಲಿ 2 ಬರೆದರೆ ಕೈಗೆ ಬರುವುದು ಬಿ1.

ನಿಜವಾದ ವ್ಯತ್ಯಾಸ ಇರುವುದು ಅಂಕ ಕೂಡಿಸುವ ರೀತಿಯಲ್ಲಿ. ಚಿಲ್ಸ್‌ನಲ್ಲಿ ಕೇಳುವುದು, ಓದುವುದು, ವ್ಯಾಕರಣ, ಬರವಣಿಗೆ, ಮಾತು ಎಂದು ಐದು ಭಾಗ. ಒಂದೊಂದಕ್ಕೆ 20 ಅಂಕ. ಪ್ರತಿಯೊಂದರಲ್ಲೂ 11 ಬರಲೇಬೇಕು. ಬರವಣಿಗೆಯಲ್ಲಿ 19 ತೆಗೆದರೂ ಕೇಳುವುದರಲ್ಲಿ 10 ಬಂದರೆ ನಪಾಸು. ಆದರೆ ಪಾಸಾದ ಭಾಗಗಳು 18 ತಿಂಗಳು ಉಳಿಯುತ್ತವೆ, ಬಿದ್ದದ್ದನ್ನಷ್ಟೇ ಮತ್ತೆ ಕಟ್ಟಿದರಾಯಿತು. ಚೇಲಿ 3ರಲ್ಲಿ ಕೇಳುವುದೂ ಸೇರಿ ಲಿಖಿತ ಭಾಗಕ್ಕೆ 140, ಮಾತಿಗೆ 60. ಬೇಕಾದದ್ದು 84 ಮತ್ತು 33. ಲಿಖಿತದೊಳಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಗೆಂದು 82 ಬಂದರೆ ಇಡೀ ಲಿಖಿತವನ್ನೇ ಮತ್ತೆ ಬರೆಯಬೇಕು; ಪಾಸಾದ ಮಾತಿನ ಅಂಕ ಒಂದು ವರ್ಷವಷ್ಟೇ ಉಳಿಯುತ್ತದೆ. ಪ್ರವೇಶದ ಗಡುವು ಹತ್ತಿರವಿದ್ದು, ಒಂದು ಕೌಶಲ ಮಾತ್ರ ಸೊರಗಿದ್ದರೆ ಚೇಲಿಯೇ ವಾಸಿ. ಸಮಯವಿದ್ದರೆ ಚಿಲ್ಸ್‌ನ ಮರುಪರೀಕ್ಷೆ ಹಗುರ.

ಮಾತಿನ ಪರೀಕ್ಷೆಯೂ ಬೇರೆ ಬೇರೆ. ಚೇಲಿಯಲ್ಲಿ ಎದುರು ಕೂತ ಪರೀಕ್ಷಕರೇ ಅಂಕ ಕೊಡುತ್ತಾರೆ. ಚಿಲ್ಸ್‌ನ ಧ್ವನಿಮುದ್ರಣ ಸಿಯೆನಾಕ್ಕೆ ಹೋಗುತ್ತದೆ. ಮುಖದ ನಗು, ಕೈಸನ್ನೆ ಅಲ್ಲಿ ಕೆಲಸಕ್ಕೆ ಬಾರವು. ಒಬ್ಬರೇ ಮಾತಾಡಬೇಕಾದ ಭಾಗದಲ್ಲಿ ತಡವರಿಸಿ ಸುಮ್ಮನಾದರೆ ಆ ಮೌನವೂ ಮುದ್ರಣವಾಗುತ್ತದೆ.

ಕನ್ನಡಿಗರಿಗೆ ಒಂದು ಅನುಕೂಲವಿದೆ: 'ನೋನೊ' ಅಂದರೆ ಒಂಬತ್ತನೆಯದು, 'ನೊನ್ನೊ' ಅಂದರೆ ಅಜ್ಜ, ಒತ್ತಕ್ಷರಕ್ಕೆ ಪಳಗಿದ ಕಿವಿ ಈ ಭೇದವನ್ನು ಸುಲಭವಾಗಿ ಹಿಡಿಯುತ್ತದೆ. ಕೈಕೊಡುವುದು ವ್ಯಾಕರಣದ ಬಿಟ್ಟಸ್ಥಳಗಳಲ್ಲಿ. ನಾವು 'ಮೇಜಿನ ಮೇಲೆ' ಎಂದು ಮುಗಿಸುತ್ತೇವೆ. ಇಟಾಲಿಯನ್ನಲ್ಲಿ 'ಮೇಲೆ' ಎನ್ನುವ 'ಸು' ಮತ್ತು ಇಂಗ್ಲಿಷಿನ 'ದ'ದಂಥ 'ಇಲ್' ಕೂಡಿ 'ಸುಲ್ ತಾವೊಲೊ' ಆಗಬೇಕು. ಆ 'ಇಲ್'ಗೆ ಸಮನಾದದ್ದು ಕನ್ನಡದಲ್ಲಿಲ್ಲ, ಅದಕ್ಕೇ ಅದು ಬಿಟ್ಟುಹೋಗುತ್ತದೆ. ಈ ಭಾಗಕ್ಕೆ ಚೇಲಿಯಲ್ಲಿ 200ಕ್ಕೆ 20, ಚಿಲ್ಸ್‌ನಲ್ಲಿ 100ಕ್ಕೆ 20.

ಪ್ರವೇಶ ಸಿಕ್ಕ ಮೇಲೆ ಅಲ್ಲಿನ ಬಹುಪಾಲು ಪರೀಕ್ಷೆಗಳು ಬಾಯಿಮಾತಿನವು: 30ಕ್ಕೆ 18 ಬಂದರೆ ಪಾಸು. ಮಾತಿಗೆ ಶೇ. 30 ತೂಕ ಕೊಡುವ ಚೇಲಿಯ ತಯಾರಿ ಅಲ್ಲಿ ಹೆಚ್ಚು ಒದಗುತ್ತದೆ.