ಮೂರು ವರ್ಷ, ಎರಡು ಶುಗರ್ ಗ್ಲೈಡರ್: ಅಂಗಡಿಯಿಂದ ಬಂದ ಬೆಲ್ಲ, ಬ್ರೀಡರ್ ಕೊಟ್ಟ ಕೊಬ್ಬರಿ

ನಮ್ಮ ಮನೆಯಲ್ಲಿ ಎರಡು ಶುಗರ್ ಗ್ಲೈಡರ್ ಇವೆ. ಗಂಡು ಬೆಲ್ಲ, ಹೆಣ್ಣು ಕೊಬ್ಬರಿ. ಬೆಲ್ಲನನ್ನು ಬೆಂಗಳೂರಿನ ಒಂದು ಪೆಟ್ ಅಂಗಡಿಯಿಂದ ತಂದು ಮೂರು ವರ್ಷ ಆಯಿತು. ಕೊಬ್ಬರಿ ಬಂದಿದ್ದು ಅದಾದ ಎಂಟು ತಿಂಗಳಿಗೆ, ಮೈಸೂರಿನಲ್ಲಿ ಮನೆಯಲ್ಲೇ ಮರಿ ಮಾಡಿಸುವ ಒಬ್ಬರಿಂದ. ಅಂಗಡಿಗೆ ಐದರಲ್ಲಿ ಒಂದು ಸ್ಟಾರ್ ಕೊಡುತ್ತೇನೆ, ಅದೂ ಬಿಲ್ ಕೊಟ್ಟಿದ್ದಕ್ಕೆ. ಮೈಸೂರಿನವರಿಗೆ ನಾಲ್ಕು. ಬಿಲ್ ಕೊಟ್ಟಿದ್ದರೆ ಐದೂ ಕೊಡುತ್ತಿದ್ದೆನೋ ಏನೋ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಳಿಲಲ್ಲ, ನಮ್ಮ ಮಲೆನಾಡಿನ ಹಾರುಬೆಕ್ಕೂ ಅಲ್ಲ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದು. ಕಾಂಗರೂ ಥರ ಹೊಟ್ಟೆಚೀಲದಲ್ಲಿ ಮರಿ ಸಾಕುವ ಜಾತಿ. ಪೂರ್ತಿ ಬೆಳೆದರೂ 100ರಿಂದ 140 ಗ್ರಾಂ, ಅಂದರೆ ಎರಡು ಕೋಳಿಮೊಟ್ಟೆ ತೂಕ. ಮುಂಗಾಲಿಂದ ಹಿಂಗಾಲಿಗೆ ಚರ್ಮದ ಒಂದು ಹಾಳೆ ಇರುತ್ತದೆ. ಅದನ್ನು ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ನಮ್ಮಲ್ಲಿ ಪರದೆಯ ಸರಳಿಂದ ಫ್ರಿಜ್ ತಲೆಗೆ. ಚೆನ್ನಾಗಿ ನೋಡಿಕೊಂಡರೆ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಈ ಕೊನೆಯ ಮಾತನ್ನು ಅಂಗಡಿಯವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಂಗಡಿಯಲ್ಲಿ ಆಗಿದ್ದು ಇಷ್ಟು. ನಾನು ಹೋಗಿದ್ದು ಮೀನಿನ ತೊಟ್ಟಿಗೆ ಫಿಲ್ಟರ್ ಕೊಳ್ಳೋಕೆ. ಲವ್ ಬರ್ಡ್ಸ್ ಪಂಜರದ ಪಕ್ಕದಲ್ಲಿ ಒಂದು ಉಣ್ಣೆ ಚೀಲ ನೇತುಹಾಕಿದ್ದರು. ಹುಡುಗ ಅದರೊಳಗೆ ಕೈ ಹಾಕಿ ಬೂದುಬಣ್ಣದ ಒಂದು ಉಂಡೆ ತೆಗೆದು ನನ್ನ ಅಂಗೈಗೆ ಇಟ್ಟ. ದೊಡ್ಡ ಕಪ್ಪು ಕಣ್ಣು, ಹಣೆಯಿಂದ ಬೆನ್ನಿನವರೆಗೆ ಒಂದು ಕಪ್ಪು ಗೆರೆ. ನನ್ನ ಹೆಬ್ಬೆರಳು ಹಿಡಿದುಕೊಂಡು ನಿದ್ದೆ ಮಾಡಿಬಿಟ್ಟಿತು. ಫಿಲ್ಟರ್ ಮರೆತೇ ಹೋಯಿತು.

“ವಯಸ್ಸೆಷ್ಟು?” ಅಂದೆ.

“ಎರಡು ತಿಂಗಳು ಮೇಡಂ. ಈ ವಯಸ್ಸಲ್ಲೇ ತಗೋಬೇಕು. ದೊಡ್ಡದಾದ್ರೆ ಕೈಗೆ ಹೊಂದ್ಕೊಳ್ಳಲ್ಲ.”

“ಒಂದೇ ಸಾಕಾ?”

“ಒಂದೇ ಒಳ್ಳೇದು. ಎರಡಿದ್ರೆ ನಿಮ್ಮನ್ನ ಕ್ಯಾರೇ ಅನ್ನಲ್ಲ.”

ಈ ನಾಲ್ಕು ಮಾತಿನಲ್ಲಿ ಒಂದೂ ನಿಜ ಅಲ್ಲ ಅಂತ ಗೊತ್ತಾಗೋಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ಒಂಬತ್ತು ಸಾವಿರ ಕೊಟ್ಟು ತಂದೆ. ಅಮ್ಮ ಚೀಲದೊಳಗೆ ಇಣುಕಿ ನೋಡಿ, “ಇಲಿಗೆ ಒಂಬತ್ತು ಸಾವಿರನಾ? ಸಂಪಿನ ಹತ್ರ ಎಷ್ಟು ಬೇಕಾದ್ರೂ ಇದ್ವಲ್ಲೇ” ಅಂದರು.

ಮೊದಲು ವಯಸ್ಸಿನ ವಿಷಯ. ಕೊಳ್ಳುವವರು ಮೋಸ ಹೋಗೋದು ಇಲ್ಲೇ. ಶುಗರ್ ಗ್ಲೈಡರ್ ಬಸಿರು ಬರೀ 16 ದಿನದ್ದು. ಹುಟ್ಟುವಾಗ ಮರಿ ಅಕ್ಕಿಕಾಳಿನಷ್ಟು ಇರುತ್ತದೆ. ತೆವಳಿಕೊಂಡು ಚೀಲ ಸೇರಿದರೆ ಸುಮಾರು 70 ದಿನ ಅಲ್ಲೇ. ಹಾಗಾಗಿ ಹುಟ್ಟಿದ ದಿನದಿಂದ ಎಣಿಸಿದರೆ ಎರಡು ತಿಂಗಳ ಮರಿ ಇನ್ನೂ ತಾಯಿಯ ಚೀಲದೊಳಗೇ ಇರಬೇಕು. ಈ ಕಸುಬಿನವರು ವಯಸ್ಸು ಎಣಿಸೋದು ಚೀಲದಿಂದ ಹೊರಬಂದ ದಿನದಿಂದ. ‘ಓಓಪಿ’, ಅಂದರೆ ‘ಔಟ್ ಆಫ್ ಪೌಚ್’ ಅನ್ನುತ್ತಾರೆ. ಓಓಪಿ ಎಂಟು ವಾರ ಆಗುವವರೆಗೂ ಮರಿಗೆ ತಾಯಿ ಹಾಲು ಬೇಕು. ಹನ್ನೆರಡು ವಾರವಾದರೆ ಇನ್ನೂ ಒಳ್ಳೆಯದು. ಬೆಲ್ಲನನ್ನು ಮಾರನೆಯ ದಿನ ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. 31 ಗ್ರಾಂ. ಬಾಲದಲ್ಲಿ ಕೂದಲು ಸರಿಯಾಗಿ ತುಂಬಿರಲಿಲ್ಲ, ಚಪ್ಪಟೆ ದಾರದ ಹಾಗಿತ್ತು. ಈಗ ನೋಡಿದರೆ ಹೇಳಬಲ್ಲೆ, ಅದು ಹಾಲು ಬಿಟ್ಟ ಮರಿ ಅಲ್ಲ. ಕೈಯಲ್ಲಿ ನಿದ್ದೆ ಮಾಡಿದ್ದು ಪ್ರೀತಿಯಿಂದಲೂ ಅಲ್ಲ. ಹಗಲು ಅದಕ್ಕೆ ಮಲಗುವ ಹೊತ್ತು, ಜೊತೆಗೆ ಚಳಿ.

ಆಹಾರ ಏನು ಅಂದಿದ್ದಕ್ಕೆ, ಎಳೆಮಕ್ಕಳಿಗೆ ಕೊಡುವ ಡಬ್ಬಿ ಹಿಟ್ಟು ಕಲಸಿ ಬಾಳೆಹಣ್ಣಿನ ಜೊತೆ ಕೊಡಿ, ಸಾಕು ಅಂದಿದ್ದರು. ಹಾಗೇ ಮಾಡಿದೆ. ಸೇಬು, ದ್ರಾಕ್ಷಿ ಸೇರಿಸಿದೆ. ಸಂತೋಷವಾಗಿ ತಿನ್ನುತ್ತಿತ್ತು, ಮೈ ತುಂಬಿಕೊಂಡಿತು. ನಾಲ್ಕನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಆರು ಗಂಟೆಗೆ ಪಂಜರ ನೋಡಿದರೆ ಬೆಲ್ಲ ತಳದಲ್ಲಿದ್ದಾನೆ. ಮುಂಗಾಲಲ್ಲಿ ಸರಳು ಹಿಡಿದು ಮೇಲೆ ಎಳೆದುಕೊಳ್ಳುತ್ತಿದ್ದಾನೆ, ಹಿಂಗಾಲೆರಡೂ ಒದ್ದೆ ಬಟ್ಟೆ ಥರ ಹಿಂದೆ ಬರುತ್ತಿವೆ. ಎರಡು ಮೆಟ್ಟಿಲು ಹತ್ತಿ ಜಾರಿ ಬಿದ್ದ. ಮತ್ತೆ ಹತ್ತಿದ.

ನಮ್ಮ ಬಡಾವಣೆಯ ಡಾಕ್ಟರು ನಾಯಿ, ಬೆಕ್ಕು ನೋಡುವವರು. “ಇದು ಅಳಿಲಾ, ಇಲಿನಾ?” ಅಂತ ನನ್ನನ್ನೇ ಕೇಳಿದರು. ಗೊತ್ತಿಲ್ಲ ಅಂತ ನೇರವಾಗಿ ಹೇಳಿ, ಇಂಥ ಪ್ರಾಣಿ ನೋಡುವ ಇನ್ನೊಬ್ಬ ಡಾಕ್ಟರ ನಂಬರ್ ಕೊಟ್ಟರು. ಗೊತ್ತಿಲ್ಲದೇ ಇಂಜೆಕ್ಷನ್ ಚುಚ್ಚಲಿಲ್ಲವಲ್ಲ, ಅದೇ ದೊಡ್ಡ ಉಪಕಾರ. ಎರಡನೆಯವರು ಗ್ಯಾಸ್ ಅರಿವಳಿಕೆ ಕೊಟ್ಟು ಎಕ್ಸ್‌ರೇ ತೆಗೆದರು. ಮೂಳೆ ಬೆಳ್ಳಗೆ ಎದ್ದು ಕಾಣಬೇಕು. ಇವನದು ಮಂಜಿನಲ್ಲಿ ನೋಡಿದ ಹಾಗಿತ್ತು. ಕ್ಯಾಲ್ಸಿಯಂ ಸಾಲದೆ ದೇಹ ಮೂಳೆಯಿಂದಲೇ ಕಿತ್ತುಕೊಳ್ಳುತ್ತಿತ್ತು. ಶುಗರ್ ಗ್ಲೈಡರ್‌ಗೆ ತೀರಾ ಮಾಮೂಲಿ ಕಾಯಿಲೆಯಂತೆ ಇದು. ಹಣ್ಣು ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ ಆದರೆ ಹಿಂಗಾಲು ಹೋಗುತ್ತದೆ. ತಡವಾದರೆ ವಾಪಸ್ ಬರೋದಿಲ್ಲ.

ಊಟದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚು ಕಮ್ಮಿ ಎರಡರಷ್ಟು ಇರಬೇಕು ಅಂದರು. ಅಮ್ಮ ತಕ್ಷಣ, “ರಾಗಿ ಕೊಟ್ರೆ ಆಯ್ತಲ್ಲ ಡಾಕ್ಟ್ರೇ” ಅಂದರು. ತಪ್ಪು ಮಾತೇನಲ್ಲ, 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಆದರೆ ರಂಜಕವೂ ಕಮ್ಮಿ ಏನಿಲ್ಲ, ಲೆಕ್ಕ ಹೊಂದೋದಿಲ್ಲ. ಅಮ್ಮನಿಗೆ ಇವತ್ತಿಗೂ ಇದು ಒಪ್ಪಿಗೆ ಇಲ್ಲ.

ಐದು ವಾರ ಬೆಲ್ಲನನ್ನು ಹತ್ತೋಕೆ ಏನೂ ಇಲ್ಲದ ತಗ್ಗು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟೆವು. ಕ್ಯಾಲ್ಸಿಯಂ ಹನಿ, ಹೊಸ ಊಟ. ಕಾಲು ಬಂತು. ಎಡಗಾಲು ಮಾತ್ರ ಈಗಲೂ ಪರದೆಯ ಸರಳ ಮೇಲೆ ಒಮ್ಮೊಮ್ಮೆ ಜಾರುತ್ತದೆ. ಖರ್ಚು, ಎಕ್ಸ್‌ರೇ ಎಲ್ಲಾ ಸೇರಿ, ಅವನನ್ನು ಕೊಂಡ ದುಡ್ಡಿಗಿಂತ ಜಾಸ್ತಿ ಆಯಿತು. ಅಂಗಡಿಗೆ ಫೋನ್ ಮಾಡಿದೆ. “ನಮ್ಮತ್ರ ಇದ್ದಾಗ ಚೆನ್ನಾಗೇ ಇತ್ತಲ್ಲ ಮೇಡಂ” ಅಂದರು. ಬೇಕಿದ್ದರೆ ಇನ್ನೊಂದು ಮರಿಗೆ ಡಿಸ್ಕೌಂಟ್ ಕೊಡುತ್ತಾರಂತೆ.

ಈಗಿನ ಊಟ ಹೀಗೆ. ಜೇನುತುಪ್ಪ, ಬೇಯಿಸಿದ ಮೊಟ್ಟೆ, ಮಕ್ಕಳ ಹಿಟ್ಟು, ವಿಟಮಿನ್ ಮತ್ತು ಕ್ಯಾಲ್ಸಿಯಂ ಪುಡಿ ಸೇರಿಸಿ ಅರೆದು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಇಡುತ್ತೇನೆ. ಲೆಡ್‌ಬೀಟರ್ಸ್ ಮಿಕ್ಸ್ ಅನ್ನುತ್ತಾರೆ. ರಾತ್ರಿಗೊಂದು ಕ್ಯೂಬ್, ಜೊತೆಗೆ ಒಂದಿಷ್ಟು ಪಪ್ಪಾಯಿ, ಒಂದೆರಡು ಮೀಲ್‌ವರ್ಮ್ ಹುಳ. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಮೊಟ್ಟೆಗೆ ಬಾಲ್ಕನಿಯಲ್ಲಿ ಬೇರೆ ಇಂಡಕ್ಷನ್ ಸ್ಟೌವ್ ಬಂತು. ಬೂಸಾ ತುಂಬಿದ ಡಬ್ಬಿಯಲ್ಲಿ ಜೀವಂತ ಹುಳ ಇವೆ ಅಂತ ಅಮ್ಮನಿಗೆ ಗೊತ್ತಾದ ದಿನದ ಕಥೆ ಇಲ್ಲಿ ಬೇಡ ಬಿಡಿ.

ಇನ್ನು ‘ಒಂದೇ ಒಳ್ಳೇದು’ ಅನ್ನೋ ಮಾತು. ಕಾಡಿನಲ್ಲಿ ಇವು ಗುಂಪಾಗಿ ಬದುಕುತ್ತವೆ, ಒಂದೇ ಪೊಟರೆಯಲ್ಲಿ ಒತ್ತಿಕೊಂಡು ಮಲಗುತ್ತವೆ. ಬೆಲ್ಲ ಒಬ್ಬನೇ ಇದ್ದಾಗ ರಾತ್ರಿ ಎರಡು ಗಂಟೆಗೆ ಬೊಗಳುತ್ತಿದ್ದ. ನಿಜವಾಗಿಯೂ ಬೊಗಳು. ಪುಟ್ಟ ನಾಯಿಮರಿಯ ಹಾಗೆ, ಒಂದೇ ಸಮ, ಅರ್ಧ ಗಂಟೆ. ಮೇಲಿನ ಮನೆಯ ಓನರ್ ಅಂಕಲ್ ಒಂದು ಭಾನುವಾರ ಇಳಿದು ಬಂದರು. “ನಾಯಿಮರಿ ತಂದಿದೀಯೇನಮ್ಮ? ಅಗ್ರಿಮೆಂಟಲ್ಲಿ ಬೇಡ ಅಂತ ಇತ್ತಲ್ಲ.” ಚೀಲ ತೆರೆದು ತೋರಿಸಿದೆ. ಅಗ್ರಿಮೆಂಟಿನಲ್ಲಿ ಇದರ ಹೆಸರು ಇರಲಿಲ್ಲ. ಈಗ ಅವರೇ ಪಪ್ಪಾಯಿ ಹೋಳು ಕಳಿಸುತ್ತಾರೆ. ಆದರೆ ಬೆಲ್ಲ ಬೊಗಳೋದರ ಜೊತೆಗೆ ಬಾಲದ ತುದಿ ಕಚ್ಚಿಕೊಳ್ಳೋಕೆ ಶುರು ಮಾಡಿದ. ಒಂಟಿಯಾದ ಗ್ಲೈಡರ್ ತನ್ನ ಮೈ ತಾನೇ ಕಡಿದುಕೊಳ್ಳುವ ಮಟ್ಟಕ್ಕೂ ಹೋಗುತ್ತದೆ ಅಂತ ಡಾಕ್ಟರು ಎಚ್ಚರಿಸಿದರು. ಅಂಗಡಿಯ ಡಿಸ್ಕೌಂಟ್ ಬಿಟ್ಟು ಬ್ರೀಡರ್ ಹುಡುಕಿದ್ದು ಆವಾಗ.

ಮೈಸೂರಿನವರ ಹತ್ತಿರ ನಾನು ಪ್ರಶ್ನೆ ಕೇಳೋಕೆ ಮೊದಲೇ ಅವರು ನನಗೆ ಕೇಳಿದರು. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ? ಮನೆಯಲ್ಲಿ ಬೆಕ್ಕಿದೆಯಾ? ಪಂಜರದ ಫೋಟೋ ಕಳಿಸಿ. ಗಂಡಿಗೆ ಮರಿ ಆಗದ ಹಾಗೆ ಆಪರೇಷನ್ ಆಗಿದೆಯಾ? ಆಗಿರಲಿಲ್ಲ. “ಮಾಡ್ಸಿ, ಗುಣವಾದ್ಮೇಲೆ ಬನ್ನಿ. ಮರಿ ನಿಮಗೇ ಇಟ್ಟಿರ್ತೀನಿ” ಅಂದರು. ಅಡ್ವಾನ್ಸ್ ಕೂಡ ತೆಗೆದುಕೊಳ್ಳಲಿಲ್ಲ. ಹೋದಾಗ ತಂದೆ, ತಾಯಿ ಎರಡನ್ನೂ ತೋರಿಸಿದರು. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಯಾವ ಜೋಡಿಯ ಯಾವ ಮರಿ, ಯಾವ ದಿನ ಚೀಲದಿಂದ ಬಂತು, ವಾರವಾರದ ತೂಕ ಎಲ್ಲಾ ಇತ್ತು. ಕೊಬ್ಬರಿಗೆ ಓಓಪಿ ಹನ್ನೊಂದು ವಾರ, 68 ಗ್ರಾಂ, ಬಾಲ ಬಾಟಲಿ ತೊಳೆಯುವ ಬ್ರಷ್ ಥರ. ನನ್ನನ್ನು ನೋಡಿ ಹಿಂದಕ್ಕೆ ಸರಿದು, ಮುಂಗಾಲೆತ್ತಿ, ಹಳೇ ಮಿಕ್ಸಿಗೆ ಒಣಕೊಬ್ಬರಿ ಹಾಕಿದಂಥ ಸದ್ದು ಮಾಡಿತು. ಹೆಸರು ಬಂದಿದ್ದು ಹಾಗೆ. ಹನ್ನೆರಡು ಸಾವಿರ, ಕ್ಯಾಶ್, ಬಿಲ್ ಇಲ್ಲ.

ದೊಡ್ಡದಾದರೆ ಕೈಗೆ ಹೊಂದಿಕೊಳ್ಳಲ್ಲ ಅನ್ನೋದು? ಕೊಬ್ಬರಿ ಮನೆಗೆ ಬಂದ ಆರು ವಾರಕ್ಕೆ ನನ್ನ ಭುಜಕ್ಕೆ ಹಾರಿತು. ಹಗಲೆಲ್ಲಾ ಅವಳನ್ನು ಬಟ್ಟೆ ಚೀಲದಲ್ಲಿ ಕೊರಳಿಗೆ ಹಾಕಿಕೊಂಡು ಆಫೀಸ್ ಮೀಟಿಂಗ್‌ಗೆ ಕೂರುತ್ತಿದ್ದೆ. ವಾಸನೆ ಪರಿಚಯ ಆಗಬೇಕು, ಅಷ್ಟೇ. ಬೆಲ್ಲನ ಜೊತೆ ಸೇರಿಸೋದೂ ವಾಸನೆಯಿಂದಲೇ. ಎರಡು ವಾರ ಪಂಜರ ಅಕ್ಕಪಕ್ಕ ಇಟ್ಟು ದಿನಾ ಮಲಗುವ ಚೀಲ ಅದಲುಬದಲು ಮಾಡಿದೆ. ಒಟ್ಟಿಗೆ ಬಿಟ್ಟ ರಾತ್ರಿ ಒಂದು ಸಲ ಕಿರುಚಾಟ, ಆಮೇಲೆ ಮೌನ. ಬೆಳಿಗ್ಗೆ ಒಂದೇ ಚೀಲದಲ್ಲಿ ಎರಡು ಬಾಲ. ಬೊಗಳು ಬಹುತೇಕ ನಿಂತಿತು. ನನ್ನನ್ನು ಕ್ಯಾರೇ ಅನ್ನೋದು ಏನೂ ಕಮ್ಮಿ ಆಗಿಲ್ಲ.

ಅಂದ ಹಾಗೆ, ಅಂಗಡಿಯಲ್ಲಿ ‘ಜೋಡಿ’ ಅಂತ ಕೊಡೋದು ಎಷ್ಟೋ ಸಲ ಅಣ್ಣ ತಂಗಿ. ಆಪರೇಷನ್ ಮಾಡಿಸದಿದ್ದರೆ ಅವೇ ಮರಿ ಹಾಕುತ್ತವೆ. ಕೇಳಿ ಕೊಳ್ಳಿ. 2018ರ ನಿಯಮದ ಪ್ರಕಾರ ಪೆಟ್ ಅಂಗಡಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಆ ಸರ್ಟಿಫಿಕೇಟ್ ತೋರಿಸಿ ಅನ್ನಿ. ‘ನಮ್ಮೂರಿನ ಹಾರುವ ಅಳಿಲು, ಕಮ್ಮಿಗೆ ಕೊಡ್ತೀನಿ’ ಅಂತ ಯಾರಾದರೂ ಅಂದರೆ ಮುಟ್ಟಲೇಬೇಡಿ. ಅದು ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿ, ಕೇಸ್ ಆಗುತ್ತದೆ.

ದಿನನಿತ್ಯದ್ದು ಸ್ವಲ್ಪ ಹೇಳುತ್ತೇನೆ. ಉಚ್ಚೆ ಎಲ್ಲೆಂದರಲ್ಲಿ ಹೊಯ್ಯುತ್ತವೆ, ಕಲಿಸೋಕೆ ಆಗಲ್ಲ. ನನ್ನ ಯಾವ ಟೀಶರ್ಟೂ ಇದರಿಂದ ಪಾರಾಗಿಲ್ಲ. ಅಂಗಡಿಯವರು ಕೊಟ್ಟ ಹಕ್ಕಿ ಪಂಜರ ಆರು ತಿಂಗಳಿಗೆ ತುಕ್ಕು ಹಿಡಿಯಿತು. ಈಗ ಮೂರಡಿ ಎತ್ತರದ, ಪೌಡರ್ ಕೋಟಿಂಗ್ ಇರುವುದು. ಸರಳುಗಳ ನಡುವೆ ಅರ್ಧ ಇಂಚಿಗಿಂತ ಜಾಸ್ತಿ ಇರಬಾರದು. ಓಡುವ ಚಕ್ರಕ್ಕೆ ನಡುವೆ ಕಡ್ಡಿ ಇರಬಾರದು, ಬಾಲ ಸುತ್ತಿಕೊಳ್ಳುತ್ತದೆ. ದೀಪಾವಳಿಯ ಮೂರು ರಾತ್ರಿ ಪಂಜರ ಬಾತ್‌ರೂಮಿನ ಪಕ್ಕದ ಕತ್ತಲೆ ಕೋಣೆಗೆ ಹೋಗುತ್ತದೆ.

ಎಲ್ಲಕ್ಕಿಂತ ಕಷ್ಟ ಸೀಲಿಂಗ್ ಫ್ಯಾನ್. ತೇಲುವ ಪ್ರಾಣಿ, ತಿರುಗುವ ರೆಕ್ಕೆ. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಅವು ಹೊರಗಿರುವಷ್ಟು ಹೊತ್ತು ಹಾಲ್‌ನಲ್ಲಿ ಫ್ಯಾನ್ ಇಲ್ಲ. ಸ್ವಿಚ್ ಮೇಲೆ ಅಪ್ಪ ಇನ್ಸುಲೇಷನ್ ಟೇಪ್ ಅಂಟಿಸಿದ್ದಾರೆ. ಏಪ್ರಿಲ್‌ನಲ್ಲಿ ಮೂವರೂ ಬೆವರು ಒರೆಸಿಕೊಳ್ಳುತ್ತಾ ಕೂತು ಟಿವಿ ನೋಡುತ್ತೇವೆ, ಕೊಬ್ಬರಿ ಅಪ್ಪನ ಬೋಳುತಲೆಗೆ ಇಳಿಯುತ್ತದೆ. ಟಾಯ್ಲೆಟ್ ಮುಚ್ಚಳ, ನೀರು ತುಂಬಿದ ಬಕೆಟ್ ಎಲ್ಲವನ್ನೂ ಮೊದಲು ನೋಡಬೇಕು. ಊರಿಗೆ ಒಟ್ಟಿಗೆ ಹೋಗಿ ಮೂರು ವರ್ಷ ಆಯಿತು. ಯಾರಾದರೂ ಒಬ್ಬರು ಮನೆಯಲ್ಲಿ ಇರಲೇಬೇಕು.

ಮತ್ತೆ ಕೊಳ್ಳುತ್ತೀರಾ ಅಂತ ಕೇಳುವವರಿಗೆ: ಇಲ್ಲ. ಇವೆರಡನ್ನು ಯಾರಿಗಾದರೂ ಕೊಡುತ್ತೀರಾ ಅಂದರೆ ಅದೂ ಇಲ್ಲ.

ಹೋದ ತಿಂಗಳು ಹುಳ ತರೋಕೆ ಅದೇ ಅಂಗಡಿಗೆ ಹೋಗಿದ್ದೆ. ಹತ್ತಿರದಲ್ಲಿ ಸಿಗೋದು ಅಲ್ಲಿ ಮಾತ್ರ. ಕಾಲೇಜು ಹುಡುಗನೊಬ್ಬ ಅಂಗೈಯಲ್ಲಿ ಬೂದು ಉಂಡೆ ಇಟ್ಟುಕೊಂಡು ನಿಂತಿದ್ದ. “ಎರಡು ತಿಂಗಳು” ಅನ್ನುತ್ತಿದ್ದರು. ನಾನು ತೂಕ ಎಷ್ಟು ಅಂದೆ. ಅಂಗಡಿಯಲ್ಲಿ ತಕ್ಕಡಿ ಇರಲಿಲ್ಲ. ಹುಡುಗನನ್ನು ಹೊರಗೆ ಕರೆದು ಫೋನಿನಲ್ಲಿದ್ದ ಬೆಲ್ಲನ ಎಕ್ಸ್‌ರೇ ತೋರಿಸಿದೆ. ತುಂಬಾ ಹೊತ್ತು ನೋಡಿದ. ಆಮೇಲೆ, “ಪಪ್ಪಾಯಿ ದಿನಾ ಕೊಡಬಹುದಾ ಅಕ್ಕ?” ಅಂತ ಕೇಳಿದ.