ಹಳೆಯ ಕಾರಿನ ಡಿಜಿಟಲ್ ಮೀಟರ್: ಬದಲಿಸುವುದೋ, ರಿಪೇರಿ ಮಾಡಿಸುವುದೋ

ಹದಿನಾಲ್ಕು ವರ್ಷ ಓಡಿದ ನನ್ನ ಕಾರಿನ ಎಂಜಿನ್ ಇಂದಿಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಕಳೆದ ವರ್ಷದ ಬೇಸಿಗೆಯಿಂದ ಅದರ ಮೀಟರ್‌ನ ಡಿಜಿಟಲ್ ಪರದೆ ಕೈಕೊಡತೊಡಗಿತು. ಮೊದಮೊದಲು ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿದ ದಿನ ಮಾತ್ರ ಎಂಟು ಎಂಬ ಅಂಕಿ ಎಡಗಡೆಯ ಗೆರೆಗಳನ್ನು ಕಳೆದುಕೊಂಡು ಮೂರರಂತೆ ಕಾಣುತ್ತಿತ್ತು. ಬೆಳಗಿನ ತಂಪಿನಲ್ಲಿ ತಾನಾಗಿಯೇ ಸರಿಹೋಗುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಓಡಿದ ಕಿಲೋಮೀಟರ್ ತೋರಿಸುವ ಓಡೋಮೀಟರ್‌ನ ಆರು ಅಂಕಿಗಳಲ್ಲಿ ಎರಡು ಮಾತ್ರ ಉಳಿದಿದ್ದವು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ, ನವೀಕರಣದ ತಪಾಸಣೆಗೆ ಆರ್‌ಟಿಒ ಕಚೇರಿಗೆ ಹೋಗುವ ಮೊದಲೇ ಇದಕ್ಕೊಂದು ದಾರಿ ಹುಡುಕಬೇಕಾಗಿತ್ತು. ಹಾಗೆ ಹುಡುಕುತ್ತಾ ನಾನು ನೋಡಿದ ನಾಲ್ಕು ದಾರಿಗಳನ್ನೂ, ಕೊನೆಗೆ ಕೆಲಸ ಮಾಡಿಸಿದ ಬೆಂಗಳೂರಿನ ಜೆ.ಸಿ. ರಸ್ತೆಯ ಪಕ್ಕದ ಓಣಿಯ ಒಂದು ಚಿಕ್ಕ ಅಂಗಡಿಯ ಸೇವೆಯನ್ನೂ ಇಲ್ಲಿ ವಿಮರ್ಶಿಸಿದ್ದೇನೆ.

ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಸಿಕ್ಕ ಉತ್ತರ ಒಂದೇ ಸಾಲಿನದು: ಪರದೆಯನ್ನು ಮಾತ್ರ ಕೊಡುವುದಿಲ್ಲ, ಇಡೀ ಮೀಟರ್ ಕ್ಲಸ್ಟರ್ (ಎಲ್ಲ ಮೀಟರ್‌ಗಳೂ ಸೇರಿದ ಘಟಕ) ತರಿಸಬೇಕು. ಅವರು ಹೇಳಿದ ಬೆಲೆ ನನ್ನ ಕಾರಿನ ಈಗಿನ ಮೌಲ್ಯದ ಕಾಲುಭಾಗಕ್ಕೆ ಹತ್ತಿರವಿತ್ತು. ಕಾರು ಇನ್ನೂ ಹೊಸದಾಗಿದ್ದು ವಾರಂಟಿ ಇರುವವರಿಗೆ ಇದೇ ಸರಿಯಾದ ದಾರಿ, ನನ್ನಂಥವರಿಗೆ ಅಲ್ಲ.

ಶಿವಾಜಿನಗರದ ಗುಜರಿಯಲ್ಲಿ ಅದೇ ಮಾದರಿಯ ಹಳೆಯ ಮೀಟರ್ ಅಗ್ಗವಾಗಿಯೇ ಸಿಕ್ಕಿತು. ಕೊಳ್ಳದೆ ಹಿಂತಿರುಗಿದ್ದಕ್ಕೆ ಕಾರಣಗಳಿವೆ. ಮೊದಲನೆಯದಾಗಿ, ಅದೂ ನನ್ನ ಮೀಟರ್‌ನಷ್ಟೇ ಬಿಸಿಲು ಕಂಡಿರುವುದರಿಂದ ಅದೇ ಕಾಯಿಲೆ ನಾಳೆ ಅದಕ್ಕೂ ಬರಬಹುದು. ಎರಡನೆಯದು ಇದಕ್ಕಿಂತ ಗಂಭೀರ. ಓಡಿದ ಕಿಲೋಮೀಟರ್‌ನ ಲೆಕ್ಕ ಮೀಟರ್‌ನ ಒಳಗಿನ ಮೆಮೊರಿ ಚಿಪ್‌ನಲ್ಲಿರುತ್ತದೆ. ಹಲವು ಕಾರುಗಳಲ್ಲಿ, ಮುಖ್ಯವಾಗಿ ಫೋಕ್ಸ್‌ವ್ಯಾಗನ್ ಗುಂಪಿನ ಎಷ್ಟೋ ಮಾದರಿಗಳಲ್ಲಿ, ಚಾವಿಯನ್ನು ಗುರುತಿಸುವ ಇಮ್ಮೊಬಿಲೈಸರ್ ಕೂಡ ಅಲ್ಲೇ ಇರುತ್ತದೆ. ಹೀಗಿರುವಾಗ ಬೇರೆ ಕಾರಿನ ಮೀಟರ್ ತಂದು ಜೋಡಿಸಿದರೆ ಎಂಜಿನ್ ಸ್ಟಾರ್ಟ್ ಆಗದೆ ಹೋಗಬಹುದು, ಸ್ಟಾರ್ಟ್ ಆದರೂ ಆ ಮೀಟರ್ ತೋರಿಸುವುದು ಬೇರೆ ಯಾರದೋ ಕಾರಿನ ಲೆಕ್ಕ. ಬಿಎಂಡಬ್ಲ್ಯುವಿನ ಇ39 ಮಾದರಿಯಲ್ಲಿ ಈ ಲೆಕ್ಕವನ್ನು ದೀಪಗಳನ್ನು ನಿಯಂತ್ರಿಸುವ ಘಟಕದಲ್ಲಿಯೂ ಬರೆದಿಟ್ಟಿರುತ್ತಾರೆ. ಎರಡೂ ತಾಳೆಯಾಗದಿದ್ದರೆ ಓಡೋಮೀಟರ್‌ನ ಪಕ್ಕದಲ್ಲಿ ಒಂದು ಚುಕ್ಕಿ ಹೊತ್ತಿಕೊಳ್ಳುತ್ತದೆ. ಕಾರು ಮಾರುವ ದಿನ ಆ ಚುಕ್ಕಿಗೆ ಯಾರು ಸಮಜಾಯಿಷಿ ಕೊಡಬೇಕು?

ಮೂರನೆಯ ದಾರಿ, ವಿಂಡ್‌ಶೀಲ್ಡ್‌ನ ಕೆಳಗೆ ಅಂಟಿಸುವ ಹೆಡ್-ಅಪ್ ಡಿಸ್ಪ್ಲೇ ಎಂಬ ಪುಟ್ಟ ಪರದೆ. ಸ್ಟೀರಿಂಗ್‌ನ ಕೆಳಗಿರುವ ಓಬಿಡಿ (ಎಂಜಿನ್‌ನ ಮಾಹಿತಿ ಓದುವ) ಸಾಕೆಟ್‌ಗೆ ಅದರ ತಂತಿ ಸಿಕ್ಕಿಸಿದರೆ ವೇಗ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು), ಎಂಜಿನ್‌ನ ತಾಪಮಾನ ಇವೆಲ್ಲ ಕಾಣುತ್ತವೆ. ಭಾರತದಲ್ಲಿ ಓಬಿಡಿ-2 ಎಂಬ ಮಾನದಂಡ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ; ಅದಕ್ಕಿಂತ ಹಿಂದಿನ ಕಾರುಗಳಲ್ಲಿ ಯಾವ ಮಾಹಿತಿ ಬರುತ್ತದೆ ಎಂಬುದನ್ನು ಹಾಕಿಯೇ ನೋಡಬೇಕು. ನನಗೆ ವೇಗ ಬಂತು, ಪೆಟ್ರೋಲ್ ಮಟ್ಟ ಬರಲಿಲ್ಲ. ಒಂದು ತಿಂಗಳ ತುರ್ತಿಗೆ ಇದು ಸಾಕು, ಓಡೋಮೀಟರ್‌ಗೆ ಬದಲಿಯಂತೂ ಅಲ್ಲ. ಕೆಲವು ಮಾದರಿಗಳಿಗೆ ಚೀನಾದಿಂದ ಬರುವ, ಮೀಟರ್‌ನ ಜಾಗದಲ್ಲಿ ಪೂರ್ತಿ ಪರದೆಯನ್ನೇ ಕೂರಿಸುವ ಹೊಸ ಕ್ಲಸ್ಟರ್‌ಗಳೂ ಇವೆ. ನನ್ನ ಕಾರಿಗೆ ಅಂಥದ್ದು ಸಿಗಲಿಲ್ಲ, ಸಿಕ್ಕಿದ್ದರೂ ಆ ಜಗಮಗ ನನಗೆ ಒಗ್ಗುತ್ತಿರಲಿಲ್ಲ.

ಉಳಿದದ್ದು ರಿಪೇರಿ. ಓಣಿಯ ಆ ಅಂಗಡಿಯಾತ ಮೀಟರ್ ಬಿಚ್ಚಿ, ವಿದ್ಯುತ್ ಕೊಟ್ಟು, ಪರದೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದ ಕೂಡಲೇ ಮಾಯವಾಗಿದ್ದ ಅಂಕಿಗಳೆಲ್ಲ ಮರಳಿ ಬಂದವು. "ಗಾಜು ಚೆನ್ನಾಗಿದೆ ಸಾರ್, ಅಂಟು ಬಿಟ್ಟಿದೆ ಅಷ್ಟೆ" ಎಂದರು. ಎಲ್‌ಸಿಡಿ ಗಾಜನ್ನು ಸರ್ಕ್ಯೂಟ್ ಬೋರ್ಡಿಗೆ ಸೇರಿಸುವುದು ಕೂದಲೆಳೆಯಂಥ ಗೆರೆಗಳುಳ್ಳ ತೆಳುವಾದ ರಿಬ್ಬನ್. ಅದನ್ನು ಬೆಸುಗೆ ಹಾಕಿರುವುದಿಲ್ಲ, ವಿದ್ಯುತ್ ಹರಿಯಬಲ್ಲ ಅಂಟಿನಿಂದ ಬಿಸಿಮಾಡಿ ಒತ್ತಿರುತ್ತಾರೆ. ವರ್ಷಾನುಗಟ್ಟಲೆ ಬಿಸಿಲಿಗೆ ಕಾದು ತಣಿದು ಆ ಅಂಟು ಸಡಿಲವಾದಾಗ ಒಂದೊಂದೇ ಗೆರೆ ಸಂಪರ್ಕ ಕಳೆದುಕೊಳ್ಳುತ್ತದೆ. ಇ39ರ ಪರದೆಗಳಲ್ಲಿ ಅಕ್ಷರಗಳ ನಡುವಿನ ಗೆರೆಗಳು ಅಳಿಸಿಹೋಗುವುದಕ್ಕೂ ಇದೇ ಕಾರಣ. ಎಲ್ಲ ಮೀಟರ್‌ಗಳ ರೋಗವೂ ಇದಲ್ಲ ಎಂಬುದನ್ನು ಮರೆಯಬಾರದು. ಟೊಯೋಟಾ ಪ್ರಿಯಸ್‌ನ ಎರಡನೆಯ ತಲೆಮಾರಿನ ಕಾರುಗಳಲ್ಲಿ ಇಡೀ ಮೀಟರ್ ಕತ್ತಲಾದಾಗ ಬೋರ್ಡಿನ ಮೇಲಿನ ಕೆಪಾಸಿಟರ್ ಎಂಬ ಪುಟ್ಟ ಬಿಡಿಭಾಗ ಬದಲಿಸಿ ಸರಿಪಡಿಸಿದವರು ಬಹಳ ಮಂದಿ. ಅಂಕಿಗಳು ಸರಿಯಾಗಿದ್ದು ಹಿಂದಿನ ಬೆಳಕು ಮಾತ್ರ ಹೋಗಿದ್ದರೆ ಅದು ಇನ್ನೂ ಸುಲಭದ ಕೆಲಸ. ಆದ್ದರಿಂದ ಹಣ ಕೊಡುವ ಮೊದಲು ಹಾಳಾದದ್ದು ಗಾಜೋ, ರಿಬ್ಬನ್ನೋ, ದೀಪವೋ ಎಂಬುದನ್ನು ಕಣ್ಣಾರೆ ತೋರಿಸುವಂತೆ ಕೇಳುವುದು ಒಳ್ಳೆಯದು. ಈ ಅಂಗಡಿಯಲ್ಲಿ ಕೇಳದೆಯೇ ತೋರಿಸಿದರು.

ಹಳೆಯ ರಿಬ್ಬನ್ ಕಿತ್ತು, ಅಂಟನ್ನು ಆಲ್ಕೋಹಾಲ್‌ನಿಂದ ಒರೆಸಿ, ಹೊಸ ರಿಬ್ಬನ್ನನ್ನು ಅಗಲ ಮೂತಿಯ ಕಾದ ಉಪಕರಣದಿಂದ ಒತ್ತಿ ಕೂರಿಸಲು ಎರಡೂವರೆ ಗಂಟೆ ಹಿಡಿಯಿತು. ಕೆಲಸವನ್ನು ಎದುರಿಗೇ ಮಾಡಿದ್ದು ನನಗೆ ಬಹಳ ಹಿಡಿಸಿತು. ಕೊಟ್ಟದ್ದು 4,800 ರೂಪಾಯಿ. ಮೀಟರ್ ನನ್ನದೇ ಆದ್ದರಿಂದ ಕಿಲೋಮೀಟರ್ ಲೆಕ್ಕವೂ ಚಾವಿಯೂ ಇದ್ದಂತೆಯೇ ಉಳಿದವು.

ದೂರಬೇಕಾದ ಸಂಗತಿಗಳೂ ಇವೆ. ಪರದೆಯನ್ನು ತಲುಪಲು ಸ್ಪೀಡೋಮೀಟರ್‌ನ ಮುಳ್ಳು ಕಿತ್ತವರು ಅದನ್ನು ಮತ್ತೆ ಹಾಕುವಾಗ ಅಳತೆ ನೋಡಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕಾರು ನಿಂತಾಗಲೂ ಮುಳ್ಳು 10ರ ಹತ್ತಿರ ತೋರಿಸುತ್ತಿತ್ತು. ಮರುದಿನ ಹಣ ಕೇಳದೆ ಸರಿಮಾಡಿಕೊಟ್ಟರು, ಆದರೆ ನನ್ನ ಅರ್ಧ ದಿನ ಹೋಯಿತು. ಕೀಳುವ ಮೊದಲು ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಒಂದು ಫೋಟೊ ತೆಗೆದಿಟ್ಟುಕೊಂಡಿದ್ದರೆ ಇದು ತಪ್ಪುತ್ತಿತ್ತು. ಬಿಲ್ ಕೇಳಿದ್ದಕ್ಕೆ ಚೀಟಿಯ ಮೇಲೆ ಮೊತ್ತ ಬರೆದುಕೊಟ್ಟರೇ ಹೊರತು ಗ್ಯಾರಂಟಿಯ ಅವಧಿಯನ್ನು ಬರೆಯಲಿಲ್ಲ. ಆರು ತಿಂಗಳು ಎಂಬುದು ಬಾಯಿಮಾತು. ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ ಅಂಕ, ಕಾಗದಪತ್ರಕ್ಕೆ ಎರಡು.

ಈಗ ಒಂಬತ್ತು ತಿಂಗಳಾಗಿದೆ. ಒಂದು ಪೂರ್ತಿ ಬೇಸಿಗೆಯನ್ನು ಕಂಡ ಮೇಲೂ ಆರೂ ಅಂಕಿಗಳು ಸ್ಪಷ್ಟವಾಗಿವೆ. ಗಡಿಯಾರದ ಎರಡು ಚುಕ್ಕಿಗಳಲ್ಲಿ ಮೇಲಿನದು ಮಾತ್ರ ಅಂದೂ ಬರಲಿಲ್ಲ, ಇಂದೂ ಇಲ್ಲ. ಅದೊಂದಕ್ಕಾಗಿ ಮತ್ತೆ ಮೀಟರ್ ಬಿಚ್ಚಿಸುವ ಮನಸ್ಸು ನನಗಿಲ್ಲ.