ಪೆಲೆಟ್ ಗ್ರಿಲ್ಲಾ, ಇದ್ದಿಲ ಕೆಟಲ್ಲಾ? ಗೋವಾದ ಅಂಗಳದಲ್ಲಿ ಎರಡನ್ನೂ ಉರಿಸಿ ನೋಡಿದ ಮೇಲೆ

ಗೋವಾದಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕಾರವಾರ, ಅಂಕೋಲಾ, ಕುಮಟಾ ಕಡೆಯವರಲ್ಲಿ ಈಗ ಒಂದು ಪ್ರಶ್ನೆ ಓಡಾಡುತ್ತಿದೆ. ಹೊಸ ಪೆಲೆಟ್ ಗ್ರಿಲ್ ಬಂದಿದೆಯಲ್ಲ, ತಗೊಳ್ಳೋದಾ ಬೇಡವಾ? (ಒತ್ತಿದ ಮರದ ಪುಡಿಯ ಸಣ್ಣ ತುಂಡುಗಳನ್ನು, ಅಂದರೆ ಪೆಲೆಟ್‌ಗಳನ್ನು, ಉರಿಸಿ ಅಡುಗೆ ಮಾಡುವ ಕರೆಂಟಿನ ಗ್ರಿಲ್ ಅದು.) ಹಡಗಿನ ಕೆಲಸದವರು, ಗಲ್ಫಿನಿಂದ ರಜೆಗೆ ಬಂದವರು, ಹೊಸದಾಗಿ ಅಂಗಳವಿರುವ ಮನೆ ಕಟ್ಟಿದವರು, ಎಲ್ಲರೂ ಕೇಳುತ್ತಿದ್ದಾರೆ. ನನಗೂ ಆಸೆ ಇತ್ತು. ಹೆಂಡತಿಯ ಅಣ್ಣ ವಾಸ್ಕೋದಲ್ಲಿದ್ದಾರೆ. ಅವರು ಒಂದು ಹೊಸ ಮಾಡೆಲ್ ತರಿಸಿದ್ದರು. ಮತ್ತೆ ಡ್ಯೂಟಿಗೆ ಹೊರಟಾಗ ಅದನ್ನು ಫಾತೋರ್ಡಾದ ನಮ್ಮ ಅಂಗಳಕ್ಕೆ ತಂದಿಟ್ಟುಕೊಂಡೆ. ಪಕ್ಕದಲ್ಲಿ ನನ್ನದೇ 57 ಸೆಂ.ಮೀ. ಅಗಲದ ಇದ್ದಿಲ ಕೆಟಲ್ (ಮುಚ್ಚಳವಿರುವ ದುಂಡು ಬೋಗುಣಿಯಂಥ ಗ್ರಿಲ್), ಆಚೆ ಗೋಡೆ ಹತ್ತಿರ ಗ್ಯಾಸ್ ಗ್ರಿಲ್. ಒಂದೇ ಮಾರ್ಕೆಟ್ಟಿನ ಮೀನು, ಒಂದೇ ಕಲ್ಲಿನಲ್ಲಿ ಅರೆದ ಮಸಾಲೆ. ಈಗ ನನ್ನ ಉತ್ತರ ಸ್ಪಷ್ಟವಾಗಿದೆ. ನಿಮ್ಮ ಮನೆಯಲ್ಲಿ ಏನು ಬೇಯುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊದಲು ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಅದರ ರುಚಿ ಯಾಕೆ ಹಾಗೆ ಅಂತ ಅರ್ಥವಾಗುವುದಿಲ್ಲ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೋ ಟ್ರೇಗರ್ ಎಂಬಾತ 1980ರ ದಶಕದ ನಡುವಿನಲ್ಲಿ ಇದನ್ನು ಮಾಡಿದ. ಮನೆ ಬೆಚ್ಚಗಿಡುವ ಪೆಲೆಟ್ ಒಲೆಯ ವಿದ್ಯೆಯನ್ನೇ ಅಡುಗೆಗೆ ತಂದ. ಪೇಟೆಂಟ್ ಮುಗಿದದ್ದು 2006ರಲ್ಲಿ. ಆಮೇಲೆ ಬೇರೆ ಕಂಪನಿಗಳೂ ಇಳಿದವು. ಪಕ್ಕದಲ್ಲಿ ಪೆಲೆಟ್ ತುಂಬುವ ಡಬ್ಬಿ ಇರುತ್ತದೆ. ಅದರ ತಳದಲ್ಲಿ ಸ್ಕ್ರೂ ಥರದ ಒಂದು ಸರಳು ಮೆಲ್ಲಗೆ ತಿರುಗುತ್ತ ಪೆಲೆಟ್‌ಗಳನ್ನು ಮಧ್ಯದ ಬೆಂಕಿ ಬಟ್ಟಲಿಗೆ ತಳ್ಳುತ್ತದೆ. ಒಂದು ಕರೆಂಟ್ ಕಡ್ಡಿ ಕಾದು ಬೆಂಕಿ ಹಚ್ಚುತ್ತದೆ. ಫ್ಯಾನ್ ಗಾಳಿ ಊದುತ್ತದೆ. ಒಳಗಿನ ಶಾಖವನ್ನು ಸೆನ್ಸರ್ ನೋಡುತ್ತಿರುತ್ತದೆ. ಕಡಿಮೆಯಾದರೆ ಸರಳು ಜಾಸ್ತಿ ತಿರುಗುತ್ತದೆ, ಹೆಚ್ಚಾದರೆ ನಿಲ್ಲುತ್ತದೆ. ಬೆಂಕಿಯ ಮೇಲೆ ಒಂದು ತಗಡು, ಅದರ ಮೇಲೆ ಎಣ್ಣೆ ಹಿಡಿಯುವ ತಟ್ಟೆ, ಅದರ ಮೇಲೆ ಜಾಲರಿ.

ಭಾವ ಡ್ಯೂಟಿಗೆ ಹೊರಡುವ ಮುಂಚೆ ಅವರನ್ನೇ ಕೇಳಿದ್ದೆ.

"ಭಾವ, ಇದು ಓವನ್ ಇದ್ದ ಹಾಗೇ ಅಲ್ವಾ?"

"ಓವನ್ನೇ ಮಾರಾಯ, ಹೊಗೆ ಕೊಡೋ ಓವನ್. ನಾನು ತರಿಸಿದ್ದು ಹಂದಿಗೆ, ಮೀನಿಗಲ್ಲ. ಮೀನು ಇಟ್ಟು ಆಮೇಲೆ ನನ್ನ ಬೈಬೇಡ."

ಅವರು ಬೇಡ ಅಂದರೂ ಮೊದಲು ಇಟ್ಟದ್ದು ಮೀನೇ. ಗೋವಾದಲ್ಲಿ ಗ್ರಿಲ್ ತಗೊಳ್ಳುವವನು ಮೀನು ಇಡದೆ ಇರುತ್ತಾನಾ? ಬಂಗುಡೆ, ಬೆನ್ನಿಗೆ ಸೀಳು ಹಾಕಿ ರೆಶಾದ್, ಅಂದರೆ ಗೋವಾದ ಕೆಂಪು ಮೆಣಸಿನ ಮಸಾಲೆ, ತುಂಬಿದ್ದು. ಪೆಲೆಟ್ ಗ್ರಿಲ್ಲನ್ನು ಅದರ ಕೊನೆ ಅಂಚಿಗೆ, ಹತ್ತಿರ ಹತ್ತಿರ 260 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದೆ. ಕೆಟಲ್ಲಿನಲ್ಲಿ ಕರಟದ ಇದ್ದಿಲು, ಒಂದು ಬದಿಗೆ ರಾಶಿ.

ಕೆಟಲ್ಲಿನ ಮೇಲೆ ಬಂಗುಡೆ ಇಟ್ಟ ಸ್ವಲ್ಪ ಹೊತ್ತಿಗೇ ಹೊಟ್ಟೆಯ ಕಡೆ ಚರ್ಮ ಉಬ್ಬಿ ಗುಳ್ಳೆಯಾಯಿತು. ಗುಳ್ಳೆ ಒಡೆದು ಎಣ್ಣೆ ಒಂದೊಂದೇ ತೊಟ್ಟು ಕೆಂಡದ ಮೇಲೆ ಬಿತ್ತು. ಪ್ರತಿ ತೊಟ್ಟಿಗೂ ಚುಂಯ್ ಅಂತ ಒಂದು ಎಳೆ ಬಿಳಿ ಹೊಗೆ ಎದ್ದು ಮೀನಿಗೇ ವಾಪಸ್ ತಾಗಿತು. ಮಸಾಲೆಯ ಅಂಚು ಕಪ್ಪಾಯಿತು. ತಿರುವಿ ಹಾಕುವಾಗ ಚರ್ಮ ಜಾಲರಿಯಿಂದ ಸಲೀಸಾಗಿ ಬಿಟ್ಟುಕೊಂಡಿತು.

ಪೆಲೆಟ್ ಗ್ರಿಲ್ಲಿನಲ್ಲಿ ಮೀನು ಬೆಂದಿತು. ಒಳಗೆ ಚೆನ್ನಾಗಿಯೇ ಬೆಂದಿತು, ರಸ ಒಣಗಿರಲಿಲ್ಲ. ಆದರೆ ಚರ್ಮ ಮಂಕಾಗಿತ್ತು, ಮೆತ್ತಗಿತ್ತು, ಜಾಲರಿಗೆ ಹಿಡಿದುಕೊಂಡಿತು. ಹೊಗೆಯ ವಾಸನೆ ಹುಡುಕಬೇಕಾಯಿತು. ಇದು ಆ ಒಂದು ಮಾಡೆಲ್ಲಿನ ದೋಷ ಅಲ್ಲ. ಎಣ್ಣೆ ತಟ್ಟೆಗೆ ಬೀಳುತ್ತದೆ, ಬೆಂಕಿಗೆ ಬೀಳುವುದಿಲ್ಲ. ಹಾಗಾಗಿ ಕೆಂಡದ ಮೀನಿಗೆ ಬರುವ ಆ ಘಮ ಇಲ್ಲಿ ಹುಟ್ಟುವುದೇ ಇಲ್ಲ. ಇನ್ನು ಮರದ ಹೊಗೆ? ಪೆಲೆಟ್ ಒಳ್ಳೆ ಹೊಗೆ ಕೊಡುವುದು ಸಣ್ಣ ಉರಿಯಲ್ಲಿ. ಉರಿ ಜೋರಾದಷ್ಟೂ ಅದು ಶುದ್ಧವಾಗಿ ಉರಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ. ಮೀನಿಗೆ ಬೇಕಾದ ಜೋರು ಶಾಖದಲ್ಲಿ ಎರಡು ಹೊಗೆಯಲ್ಲಿ ಒಂದೂ ಸಿಗುವುದಿಲ್ಲ.

ಹೊಸ ಮಾಡೆಲ್‌ಗಳು ಇದಕ್ಕೇ ಪರಿಹಾರ ಅಂತ ಬಂದಿವೆ. ಹಳೆಯವು ಸಾಮಾನ್ಯವಾಗಿ 230ರಿಂದ 260 ಡಿಗ್ರಿಗೆ ನಿಲ್ಲುತ್ತಿದ್ದವು. ಈಗ ಕೆಲವು 315 ಡಿಗ್ರಿವರೆಗೆ ಹೋಗುತ್ತವೆ, ಕೆಲವದರಲ್ಲಿ ನೇರ ಉರಿಗೆ ಒಡ್ಡಲು ಜಾಗವೂ ಇದೆ. ದಪ್ಪ ಮಾಂಸದ ತುಂಡಿಗೆ ಅದು ನಿಜವಾಗಿ ಉಪಯೋಗ. ಆದರೆ ಬಂಗುಡೆ, ತಾರ್ಲೆ, ಇಸ್ವಾಣದ ಹೋಳು ನಮಗೆ ಎಷ್ಟು ಹೊತ್ತಿನ ಅಡುಗೆ? ಒಂದು ಬದಿ ನಾಲ್ಕೈದು ನಿಮಿಷ. ಅದಕ್ಕಾಗಿ ಇಷ್ಟು ದೊಡ್ಡ ಯಂತ್ರ ಕಾಯಿಸುವುದು, ಆಮೇಲೆ ಅದನ್ನು ಆರಿಸುವ ಹತ್ತಿಪ್ಪತ್ತು ನಿಮಿಷದ ಶಟ್‌ಡೌನ್‌ಗೆ ಕಾಯುವುದು, ನನಗೆ ಸರಿ ಕಾಣಲಿಲ್ಲ.

ಸುಟ್ಟ ಬದನೆಕಾಯಿ ಗೊಜ್ಜಿನ ಮಾತೂ ಇದೇ. ಕೆಂಡದೊಳಗೇ ಬದನೆ ಹುಗಿದು ಸಿಪ್ಪೆ ಇದ್ದಿಲಾಗುವ ತನಕ ಬಿಟ್ಟರೆ ಬರುವ ರುಚಿಗೆ ಪೆಲೆಟ್ ಗ್ರಿಲ್ ಹತ್ತಿರವೂ ಬರಲಿಲ್ಲ. ಅಲ್ಲಿ ಅದು ಬೇಯುತ್ತದೆ, ಸುಡುವುದಿಲ್ಲ.

ಕೋಳಿಯಲ್ಲಿ ಎರಡೂ ಸಮ. ಇಡೀ ಕೋಳಿ, 190 ಡಿಗ್ರಿ ಆಸುಪಾಸು, ಒಳಗೆ 74 ಡಿಗ್ರಿ ಮುಟ್ಟುವ ತನಕ. ಪೆಲೆಟ್ ಗ್ರಿಲ್ಲಿನಲ್ಲಿ ನೋಡಿಕೊಳ್ಳುವ ಕೆಲಸ ಕಡಿಮೆ, ಕೆಟಲ್ಲಿನಲ್ಲಿ ಚರ್ಮ ಒಂಚೂರು ಹೆಚ್ಚು ಗರಿಗರಿ.

ಹಂದಿಯ ಭುಜದ ತುಂಡಿನಲ್ಲಿ ಮಾತ್ರ ಪೆಲೆಟ್ ಗ್ರಿಲ್ ಗೆದ್ದಿತು, ಅದೂ ಪೂರ್ತಿಯಾಗಿ. ಎರಡೂವರೆ ಕೆಜಿಯಷ್ಟು ಮೂಳೆಸಹಿತ ತುಂಡು, ಉಪ್ಪು, ಮೆಣಸು, ಸ್ವಲ್ಪ ಬೆಲ್ಲ. 110 ಡಿಗ್ರಿಗೆ ಇಟ್ಟು ನಸುಕಿನಲ್ಲಿ ಹಚ್ಚಿದ್ದು. ಈ ಅಡುಗೆಯ ಗುಟ್ಟು ಇರುವುದು ಕಾಯುವುದರಲ್ಲಿ. ಮಾಂಸದ ಒಳಗಿನ ಗಟ್ಟಿ ನಾರು ಕರಗಿ ಜೆಲಾಟಿನ್ ಆಗಬೇಕಾದರೆ ಒಳಗೆ 90 ಡಿಗ್ರಿ ದಾಟಬೇಕು. 65–70 ಡಿಗ್ರಿಗೆ ಬಂದಾಗ ಶಾಖ ಏರುವುದೇ ನಿಂತುಹೋಗುತ್ತದೆ, ಕೆಲವೊಮ್ಮೆ ಗಂಟೆಗಟ್ಟಲೆ. ಮಾಂಸದ ಮೇಲಿನ ನೀರು ಆವಿಯಾಗುತ್ತ ಅದನ್ನು ತಣ್ಣಗಿಡುತ್ತಿರುತ್ತದೆ, ಅದಕ್ಕೆ. ಆ ಹೊತ್ತಿನಲ್ಲಿ ಬೆಂಕಿ ಏರುಪೇರಾಗಬಾರದು, ಮುಚ್ಚಳ ತೆಗೆಯಬಾರದು. ಪೆಲೆಟ್ ಗ್ರಿಲ್ ಇದನ್ನು ತಾನೇ ಮಾಡಿತು. ನಾನು ಮಾರ್ಕೆಟ್ಟಿಗೆ ಹೋಗಿ ಬಂದೆ, ಊಟ ಮಾಡಿದೆ, ನಿದ್ದೆಯನ್ನೂ ಮಾಡಿದೆ. ಸಂಜೆ ತೆಗೆದಾಗ ಮೂಳೆಯನ್ನು ಹಿಡಿದೆಳೆದರೆ ಸ್ವಚ್ಛವಾಗಿ ಹೊರಗೆ ಬಂತು. ಮೇಲ್ಪದರ ಕಪ್ಪು, ಕತ್ತರಿಸಿದರೆ ಅಂಚಿನಲ್ಲಿ ಗುಲಾಬಿ ಉಂಗುರ. ಆ ಉಂಗುರ ಮರದ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮಾಂಸದ ಬಣ್ಣಕ್ಕೆ ಸೇರಿ ಆಗುವುದು. ಪಾವ್ ಒಳಗಿಟ್ಟು ತಿಂದವರು ಬೇರೆ ಮಾತಾಡಲಿಲ್ಲ.

ಕೆಟಲ್ಲಿನಲ್ಲೂ ಇದು ಆಗುತ್ತದೆ. ಇದ್ದಿಲ ಬ್ರಿಕೆಟ್‌ಗಳನ್ನು (ಪುಡಿ ಒತ್ತಿ ಮಾಡಿದ ಇದ್ದಿಲ ಉಂಡೆ) ಕೆಟಲ್ಲಿನ ಒಳಗೋಡೆಗುಂಟ ಜೋಡಿ ಸಾಲಿನಲ್ಲಿ, ಎರಡು ಪದರವಾಗಿ ಅರ್ಧ ಸುತ್ತಿಗಿಂತ ಜಾಸ್ತಿ ಜೋಡಿಸಿ ಒಂದು ತುದಿಗೆ ಮಾತ್ರ ಬೆಂಕಿ ಇಡಬೇಕು. ಬೆಂಕಿ ಸಾಲಿನುದ್ದಕ್ಕೂ ಹರಿಯುತ್ತ ಹೋಗುತ್ತದೆ. ನಡುನಡುವೆ ಒಣಗಿದ ಮಾವು ಅಥವಾ ಪೇರಲೆ ಮರದ ತುಂಡು ಇಟ್ಟರೆ ಹೊಗೆ ಪೆಲೆಟ್‌ಗಿಂತ ಗಾಢ. (ಗೇರುಬೀಜದ ಸಿಪ್ಪೆಯನ್ನು ಮಾತ್ರ ಹತ್ತಿರ ತರಬೇಡಿ. ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆಯೂ ಕೆಟ್ಟದ್ದು.) ಆದರೆ ಆ ದಿನ ಮನೆ ಬಿಟ್ಟು ಹೋಗುವ ಹಾಗಿಲ್ಲ. ಗಾಳಿ ಬೀಸಿದಾಗ ಕೆಳಗಿನ ಕಿಂಡಿ ಕಿರಿದು ಮಾಡಬೇಕು, ಶಾಖ ಇಳಿದಾಗ ತೆರೆಯಬೇಕು. ನನಗೆ ಇದು ಇಷ್ಟ. ಎಲ್ಲರಿಗೂ ಇಷ್ಟವಾಗಬೇಕು ಅಂತಿಲ್ಲ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಪೆಲೆಟ್ ಅಂದರೆ ಒತ್ತಿದ ಮರದ ಪುಡಿ. ಒತ್ತುವಾಗ ಬರುವ ಶಾಖಕ್ಕೆ ಮರದಲ್ಲೇ ಇರುವ ಲಿಗ್ನಿನ್ ಎಂಬ ಅಂಶ ಮೆತ್ತಗಾಗಿ ಅಂಟಿನ ಕೆಲಸ ಮಾಡುತ್ತದೆ. ಬೇರೆ ಅಂಟು ಇರುವುದಿಲ್ಲ. ಹಾಗಾಗಿ ನೀರು ತಾಗಿದರೆ ಮತ್ತೆ ಪುಡಿಯೇ. ಒಳ್ಳೆ ಪೆಲೆಟ್ ಬೆರಳಲ್ಲಿ ಬಗ್ಗಿಸಿದರೆ ಚಟ್ ಅಂತ ಮುರಿಯುತ್ತದೆ, ಮೈ ಹೊಳೆಯುತ್ತದೆ. ಮೇ ಕೊನೆಯಲ್ಲಿ, ಇನ್ನೂ ಮಳೆಯೇ ಶುರುವಾಗದೆ ಬರೀ ಸೆಕೆಯಿರುವಾಗ, ಡಬ್ಬಿಯಲ್ಲಿ ಬಿಟ್ಟ ಪೆಲೆಟ್‌ಗಳನ್ನು ತೆಗೆದು ನೋಡಿದೆ. ಹೊಳಪು ಹೋಗಿತ್ತು. ಎರಡು ಬೆರಳ ನಡುವೆ ಒತ್ತಿದರೆ ಸದ್ದಿಲ್ಲದೆ ಕುಸಿದು ಹುಡಿಯಾಯಿತು. ಇಂಥ ಪೆಲೆಟ್ ಸ್ಕ್ರೂ ಸರಳಿನೊಳಗೆ ಉಬ್ಬಿ ಗಟ್ಟಿಯಾದರೆ ಬಿಚ್ಚಿ ಕೊರೆದು ತೆಗೆಯಬೇಕು. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಪ್ರತಿ ಅಡುಗೆಯ ನಂತರ ಡಬ್ಬಿ ಖಾಲಿ ಮಾಡಬೇಕು, ಪೆಲೆಟ್ಟನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಮನೆಯೊಳಗೇ ಇಡಬೇಕು.

ಲೆಕ್ಕವನ್ನೂ ಹಾಕಿ. ಸಣ್ಣ ಉರಿಯಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಕೆಜಿ ಪೆಲೆಟ್ ಬೇಕು, ಜೋರು ಉರಿಯಲ್ಲಿ ಒಂದು ಕೆಜಿ ದಾಟುತ್ತದೆ. ಅಮೆರಿಕದಲ್ಲಿ ಸಿಗುವ ಮಾಮೂಲಿ ಚೀಲ 20 ಪೌಂಡ್, ಅಂದರೆ 9 ಕೆಜಿ. ಒಂದು ಹಂದಿ ಭುಜಕ್ಕೆ ಮುಕ್ಕಾಲು ಚೀಲ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಅಡುಗೆಗೆ ಯೋಗ್ಯವಾದ ಪೆಲೆಟ್ ಇಲ್ಲಿ ಮೂಲೆಯ ಅಂಗಡಿಯಲ್ಲಿ ಸಿಗುವುದಿಲ್ಲ, ಆನ್‌ಲೈನ್ ತರಿಸಬೇಕು, ತೂಕಕ್ಕೆ ಸಾಗಣೆ ಖರ್ಚು ಬೀಳುತ್ತದೆ. ಬಾಯ್ಲರ್‌ಗೆ ಮಾರುವ ಅಗ್ಗದ ಪೆಲೆಟ್ ಹಾಕಬಹುದಲ್ಲ ಅಂತ ಒಬ್ಬರು ಕೇಳಿದರು. ದಯವಿಟ್ಟು ಬೇಡ. ಅದರಲ್ಲಿ ಯಾವ ಮರ, ಯಾವ ಹೊಟ್ಟು, ಪ್ಲೈವುಡ್ಡಿನ ಅಂಟು ಇದೆಯಾ ಅಂತ ನೋಡಿದವರಿಲ್ಲ. ಆ ಹೊಗೆ ಮಕ್ಕಳು ತಿನ್ನುವ ಊಟಕ್ಕೆ ಹತ್ತುತ್ತದೆ.

ಕರೆಂಟ್ ವಿಷಯ ಇನ್ನೂ ಮುಖ್ಯ. ಭಾವ ತರಿಸಿದ್ದು ಅಮೆರಿಕದ ಮಾಡೆಲ್, 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಹಾಗಾಗಿ ಟ್ರಾನ್ಸ್‌ಫಾರ್ಮರ್ ಕಟ್ಟಿಕೊಂಡು ಓಡಿಸಬೇಕು. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. ಎಸಿ ಮೋಟಾರ್ ಇರುವ ಗ್ರಿಲ್ ಆದರೆ ಸರಳು ತಿರುಗುವ ವೇಗವೇ ಬೇರೆಯಾಗಬಹುದು. ತಗೊಳ್ಳುವುದಾದರೆ ಯುರೋಪು ಅಥವಾ ಆಸ್ಟ್ರೇಲಿಯಾಕ್ಕೆ ಮಾಡಿದ 230 ವೋಲ್ಟಿನದನ್ನೇ ಹುಡುಕಿ. ಕರೆಂಟ್ ಹೆಚ್ಚು ಎಳೆಯುವುದು ಬೆಂಕಿ ಹಚ್ಚುವ ಮೊದಲ ಕೆಲವು ನಿಮಿಷ ಮಾತ್ರ, 200–300 ವ್ಯಾಟ್. ಆಮೇಲೆ ಒಂದು ಬಲ್ಬಿನಷ್ಟು. ಮನೆಯ ಇನ್ವರ್ಟರ್ ಸಾಕು, ಆದರೆ ಇನ್ವರ್ಟರ್ ಲೈನಿನ ಪ್ಲಗ್ ಅಂಗಳದ ತನಕ ಬೇಕು. ನಡುವೆ ಕರೆಂಟ್ ಹೋದರೆ ಮುಚ್ಚಳ ತೆಗೆಯಬೇಡಿ. ಫ್ಯಾನ್ ನಿಂತಿರುತ್ತದೆ, ಬಟ್ಟಲಿನ ಕಿಡಿ ಸರಳಿನ ಕಡೆಗೆ ಹಿಂದಕ್ಕೆ ಹತ್ತುವ ಸಂಭವ ಇರುತ್ತದೆ. ಕರೆಂಟ್ ಬಂದ ಮೇಲೂ ಬಟ್ಟಲಿನಲ್ಲಿ ಅರ್ಧ ಉರಿದ ಪೆಲೆಟ್ ರಾಶಿ ಬಿದ್ದಿದ್ದರೆ, ತಣ್ಣಗಾದ ನಂತರ ತೆಗೆದೇ ಮತ್ತೆ ಶುರು ಮಾಡಬೇಕು. ಇಲ್ಲದಿದ್ದರೆ ಒಮ್ಮೆಲೇ ಭಗ್ ಅಂತ ಹತ್ತಿಕೊಳ್ಳುತ್ತದೆ.

ಕೆಟಲ್ಲಿಗೆ ಇದ್ಯಾವುದೂ ಇಲ್ಲ. 1952ರಲ್ಲಿ ಶಿಕಾಗೊ ಕಡೆಯ ಜಾರ್ಜ್ ಸ್ಟೀಫನ್ ಅದನ್ನು ಮಾಡಿದ್ದೇ ಹಡಗಿಗೆ ದಾರಿ ತೋರಿಸಲು ನೀರಿನಲ್ಲಿ ತೇಲಿಬಿಡುವ ಲೋಹದ ಗುಂಡನ್ನು ಅರ್ಧಕ್ಕೆ ಕತ್ತರಿಸಿ. ಅವತ್ತಿನಿಂದ ಇವತ್ತಿನವರೆಗೆ ಒಂದು ಬೋಗುಣಿ, ಒಂದು ಮುಚ್ಚಳ, ಎರಡು ಕಿಂಡಿ. ಉಪ್ಪುಗಾಳಿಗೆ ಕೆಡಲು ಸರ್ಕ್ಯೂಟ್ ಬೋರ್ಡ್ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳು ಸಮುದ್ರಕ್ಕೆ ಇಳಿಯುವುದಿಲ್ಲ, ಒಳ್ಳೆ ಮೀನು ಕಡಿಮೆ, ಗ್ರಿಲ್ಲೂ ಮೂಲೆ ಸೇರುತ್ತದೆ. ಆ ಎರಡು ತಿಂಗಳು ಕೆಟಲ್ಲಿಗೆ ಒಂದು ಹೊದಿಕೆ ಸಾಕು. ಪೆಲೆಟ್ ಗ್ರಿಲ್ಲನ್ನು ನಾನು ಮನೆಯೊಳಗೆ ತಂದು, ಬೆಂಕಿ ಬಟ್ಟಲಿನ ಬೂದಿ ತೆಗೆದು, ಸರಳನ್ನು ಖಾಲಿ ಓಡಿಸಿ ಇಟ್ಟೆ.

ಗ್ಯಾಸ್ ಗ್ರಿಲ್ ಬಗ್ಗೆ ಒಂದು ಮಾತು, ಯಾಕೆಂದರೆ ಹೊಗೆಯ ಆಸೆಗೆ ಮಾತ್ರ ಪೆಲೆಟ್ ಗ್ರಿಲ್ ಕೊಳ್ಳಲು ಹೊರಟವರಿಗೆ ಇದು ಬೇಕು. ತೂತುಗಳಿರುವ ಒಂದಡಿ ಉದ್ದದ ಸ್ಟೀಲ್ ಕೊಳವೆ ಸಿಗುತ್ತದೆ. ಅದಕ್ಕೆ ಪೆಲೆಟ್ ತುಂಬಿ, ತುದಿಗೆ ಬೆಂಕಿ ಹಚ್ಚಿ, ಐದು ನಿಮಿಷ ಉರಿಸಿ ಊದಿ ಆರಿಸಿದರೆ ಮೂರು ನಾಲ್ಕು ಗಂಟೆ ಹೊಗೆಯಾಡುತ್ತಿರುತ್ತದೆ. ಗ್ಯಾಸ್ ಗ್ರಿಲ್ಲಿನ ಒಳಗೋ ಕೆಟಲ್ಲಿನ ಒಳಗೋ ಇಡಿ. ಒಂದು ಚೀಲ ಪೆಲೆಟ್ ತಿಂಗಳುಗಟ್ಟಲೆ ಬರುತ್ತದೆ. ಫ್ಲಾಟಿನ ಬಾಲ್ಕನಿಯವರಿಗೆ ಮಾತ್ರ ಇದೂ ಬೇಡ, ಪೆಲೆಟ್ ಗ್ರಿಲ್ಲೂ ಬೇಡ. ಹೊಗೆ ಮೇಲಿನ ಮನೆಗೆ ಹೋಗುತ್ತದೆ.

ನಾನು ಪೆಲೆಟ್ ಗ್ರಿಲ್ ಕೊಳ್ಳುತ್ತಿಲ್ಲ. ನಮ್ಮ ಮನೆಯಲ್ಲಿ ಬೇಯುವುದು ಹೆಚ್ಚಾಗಿ ಮೀನು, ಆಮೇಲೆ ಕೋಳಿ, ಹಂದಿ ಹಬ್ಬಕ್ಕೊಮ್ಮೆ. ಆ ಹಬ್ಬಕ್ಕೆ ಭಾವನದ್ದು ಕೇಳಿ ತರುತ್ತೇನೆ. ಆದರೆ ತಿಂಗಳಿಗೆರಡು ಸಲ ಹತ್ತಿಪ್ಪತ್ತು ಜನಕ್ಕೆ ಮಾಂಸ ಬೇಯಿಸುವವರು, ಬೆಂಕಿ ಪಕ್ಕ ನಿಲ್ಲಲು ಆಗದ ವಯಸ್ಸಿನವರು, ಮೇಲೆ ಸೂರು ಮತ್ತು ಪಕ್ಕದಲ್ಲಿ ಇನ್ವರ್ಟರ್ ಪ್ಲಗ್ ಇರುವವರು ತಗೊಳ್ಳಿ, ಸುಖಪಡುತ್ತೀರಿ. ದುಡ್ಡು ಕಟ್ಟುವ ಮುಂಚೆ ಮಾರುವವರ ಹತ್ತಿರ ಮೂರು ಬಿಡಿಭಾಗ ಇಲ್ಲೇ ಸಿಗುತ್ತವಾ ಕೇಳಿ: ಬೆಂಕಿ ಹಚ್ಚುವ ಕಡ್ಡಿ, ಶಾಖದ ಸೆನ್ಸರ್, ಸರಳಿನ ಮೋಟಾರ್. ಇವು ಸವೆಯುವ ಸಾಮಾನು. "ತರಿಸಿ ಕೊಡ್ತೀವಿ" ಅಂದರೆ ಎಷ್ಟು ವಾರ ಅಂತ ಬರೆದು ಕೊಡಲು ಹೇಳಿ, ಕಡ್ಡಿಯೊಂದನ್ನು ಗ್ರಿಲ್ ಜೊತೆಗೇ ಜಾಸ್ತಿ ತಗೊಂಡಿಡಿ.